ಎರ್ಮೂಪೊಲಿಯಲ್ಲಿ ಸುಣ್ಣ ಹಾಕಿದ ಅದಿರು

ಹಡಗಿನ ತಳ ಸೋರುತ್ತಿದೆ, ನಿಮ್ಮ ಅದಿರನ್ನು ಕಟ್ಟೆಗೆ ಇಳಿಸುತ್ತಿದ್ದೇವೆ ಎಂಬ ತಂತಿ ನಾಗಪುರದ ಸದರ್‌ನ ನಮ್ಮ ಆಫೀಸಿಗೆ ಬಂದಾಗ ನಾನು ರಾಮಟೇಕ್‌ನ ಆಚೆ ಗಣಿಯಲ್ಲಿದ್ದೆ. ಜೀಪು ಕಳಿಸಿ ಕರೆಸಿಕೊಂಡರು. ನಾಗಪುರಕ್ಕೆ ಮಳೆ ಇನ್ನೂ ಬಂದಿರಲಿಲ್ಲ. ಮೈಗೆಲ್ಲ ಮ್ಯಾಂಗನೀಸ್ ಧೂಳು ಮೆತ್ತಿ, ಬೆವರಿಗೆ ಅದು ಕುತ್ತಿಗೆಯ ಮೇಲೆ ಗೆರೆಗೆರೆಯಾಗಿ ಇಳಿದಿದ್ದ ನನ್ನನ್ನು ನೋಡಿ ಮ್ಯಾನೇಜರ್ ಕುರ್ಚಿಯನ್ನೂ ತೋರಿಸಲಿಲ್ಲ. ತಂತಿಯನ್ನು ಮುಂದೆ ಹಿಡಿದರು.

ಮ್ಯಾನೇಜರ್ ಬೆಳಗಾವಿ ಕಡೆಯವರು, ನಾನು ಗದಗಿನ ಕಡೆಯವನು. ಅವರು ಗುಮಾಸ್ತರ ಜೊತೆ ಮರಾಠಿ, ಗಣಿಯ ಮಾಲೀಕ ಸೇಠಜಿಯ ಜೊತೆ ಹಿಂದಿ, ನನ್ನ ಜೊತೆ ಬಾಗಿಲು ಮುಚ್ಚಿದ ಮೇಲೆ ಕನ್ನಡ ಆಡುತ್ತಿದ್ದರು. ಅಂದು ಬಾಗಿಲು ಮುಚ್ಚಿದರು.

ವಿಷಯ ಹೀಗಿತ್ತು. ವಿಶಾಖಪಟ್ಟಣದಲ್ಲಿ ತುಂಬಿದ ನಮ್ಮ ಅದಿರು ಉತ್ತರ ಯುರೋಪಿನ ಒಂದು ಉಕ್ಕಿನ ಕಾರ್ಖಾನೆಗೆ ಹೊರಟಿತ್ತು. ಹಡಗಿನ ಒಡೆಯ ಗ್ರೀಕ್ ಮನುಷ್ಯ. ಸೂಯೆಜ್ ದಾಟಿದ ಮೇಲೆ ಹಡಗಿಗೆ ನೀರು ನುಗ್ಗಿತು. ಆತ ಅದನ್ನು ದುರಸ್ತಿಗೆಂದು ತನ್ನ ಕಡೆಯ ಸಿರೋಸ್ ದ್ವೀಪಕ್ಕೆ, ಎರ್ಮೂಪೊಲಿ ಎಂಬ ಹಳೆಯ ಬಂದರು ಪಟ್ಟಣಕ್ಕೆ ಒಯ್ದಿದ್ದ. ತಳದ ತಗಡು ಬದಲಿಸಬೇಕಾದರೆ ಆ ಭಾಗದ ಅದಿರನ್ನೆಲ್ಲ ನೆಲಕ್ಕೆ ಇಳಿಸಬೇಕು. ಆಫೀಸಿನ ಅಟ್ಲಾಸಿನಲ್ಲಿ ಆ ದ್ವೀಪವನ್ನು ಹುಡುಕಿದೆವು. ನೊಣ ಕೂತು ಎದ್ದ ಗುರುತಿನಷ್ಟಿತ್ತು.

ಕೊರಿಯಾ ಯುದ್ಧ ನಡೆಯುವಾಗ ನಮ್ಮ ಅದಿರಿಗಾಗಿ ಜಗತ್ತೇ ಸಾಲು ನಿಂತಿತ್ತು. ಯುದ್ಧ ನಿಂತಿತು, ದರ ಬಿತ್ತು. ನಮ್ಮ ಸುತ್ತಲಿನ ಸಣ್ಣ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಹಳೆಯ ದರಕ್ಕೆ ಒಪ್ಪಂದ ಮಾಡಿಕೊಂಡಿದ್ದ ಕಾರ್ಖಾನೆಯವರಿಗೆ ಈ ಸರಕು ಈಗ ಹೊರೆ. ಅವರು ಎರಡು ಷರತ್ತು ಮುಂದಿಟ್ಟಿದ್ದರು. ಕಟ್ಟೆಗೆ ಬಿದ್ದ ಅದಿರು ನಾವು ಕಳಿಸಿದ್ದೇ ಎಂದು ತೋರಿಸಲು ಅವರ ಸರ್ವೇಯರ್, ಎಂದರೆ ಸರಕು ಪರೀಕ್ಷಿಸುವವನು, ಮತ್ತು ನಮ್ಮ ಮನುಷ್ಯ ಇಬ್ಬರೂ ನಿಂತು ಜಂಟಿ ಸ್ಯಾಂಪಲ್ ತೆಗೆಯಬೇಕು. ತಿಂಗಳು ಮುಗಿಯುವುದರೊಳಗೆ ಹಡಗು ಮತ್ತೆ ತುಂಬಿ ಅಲ್ಲಿಂದ ಹೊರಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಸರಕು ಬೇಡ ಎನ್ನುವ ಹಕ್ಕು ಅವರದು.

"ತಮ್ಮಾ, ಅವರು ನೆಪಾ ಹುಡುಕಾಕತ್ತಾರ," ಎಂದರು ಮ್ಯಾನೇಜರ್. "ಈ ಮಾಲ್ ಬ್ಯಾಡಂದ್ರಂದ್ರ ಸೇಠಜಿ ಗಣಿಗೆ ಕೀಲಿ ಹಾಕ್ತಾರ. ಮುನ್ನೂರ ಮಂದಿ ಹೆಣಮಕ್ಕಳು ಅಲ್ಲೆ ಕಲ್ಲ ಒಡಿಯಾಕತ್ತಾರ, ಅವರು ಎಲ್ಲಿಗಿ ಹೋಗಬೇಕು? ನೀ ಹೋಗು. ಒಂದ ಕಲ್ಲು ಆಚೀಚಿ ಆಗಬಾರದು."

ಆಗ ನಾಗಪುರವೇ ಪ್ರಾಂತದ ರಾಜಧಾನಿ. ಸೆಕ್ರೆಟೇರಿಯೆಟ್‌ನಲ್ಲಿ ಸೇಠಜಿಗೆ ಗುರುತಿನವರಿದ್ದುದರಿಂದ ಪಾಸ್‌ಪೋರ್ಟು ಬೇಗನೆ ಕೈಗೆ ಬಂತು. ಮುಂದಿನದೊಂದೂ ಬೇಗ ಆಗಲಿಲ್ಲ. ಬೊಂಬಾಯಿಯಲ್ಲಿ ವಿಮಾನ ಕೆಟ್ಟು ನಿಂತಿತು. ಅಥೆನ್ಸ್‌ನಲ್ಲಿ ನನ್ನ ಪೆಟ್ಟಿಗೆಯಲ್ಲಿದ್ದ ಅರಗಿನ ಕಡ್ಡಿಗಳನ್ನು ಕಸ್ಟಮ್ಸ್‌ನವರು ಮೂಸಿ, ಉಗುರಿನಿಂದ ಕೆರೆದು, ನಾಲಿಗೆಗೂ ತಾಗಿಸಿ ನೋಡಿದರು. ಸ್ಯಾಂಪಲ್ ಡಬ್ಬಿಗೆ ಮುದ್ರೆ ಒತ್ತುವ ಅರಗು ಅದು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಪಿರೇಯಸ್ ಬಂದರಿನಲ್ಲಿ ಗಾಳಿ ಜೋರಾಗಿದೆ ಎಂದು ದ್ವೀಪದ ಬೋಟು ಬಿಡಲಿಲ್ಲ. ಆಕಾಶ ನಿರ್ಮಲವಾಗಿತ್ತು, ಬಿಸಿಲು ಹೊಳೆಯುತ್ತಿತ್ತು, ಬೋಟು ಮಾತ್ರ ಅಲ್ಲಾಡಲಿಲ್ಲ. ಮಧ್ಯಪ್ರಾಂತದ ಬಯಲಿನಲ್ಲಿ ಬದುಕಿದವನಿಗೆ ಗಾಳಿಯ ಕಾರಣಕ್ಕೆ ಕೆಲಸ ನಿಲ್ಲುವುದು ಹೊಸ ಸಂಗತಿ. ದಂಡೆಯ ಮೇಲೆ ಕೂತು ಹಲ್ಲು ಕಚ್ಚಿದೆ.

ಕೊನೆಗೂ ಬೋಟು ಎರ್ಮೂಪೊಲಿಯ ಕೊಲ್ಲಿಯೊಳಗೆ ಹೊಕ್ಕಾಗ, ಸುಳ್ಳೇಕೆ, ನನಗೆ ಖುಷಿಯಾಯಿತು. ಎದುರಿಗೆ ಎರಡು ಗುಡ್ಡ, ಎರಡರ ನೆತ್ತಿಯಲ್ಲೂ ಒಂದೊಂದು ಚರ್ಚು, ಅಲ್ಲಿಂದ ನೀರಿನ ಅಂಚಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು. ಒಂದು ಕಾಲಕ್ಕೆ ಗ್ರೀಸಿನ ವ್ಯಾಪಾರವೆಲ್ಲ ಇಲ್ಲಿಂದಲೇ ನಡೆಯುತ್ತಿತ್ತಂತೆ. ಊರ ನಡುವಿನ ಚೌಕಕ್ಕೆ ಅಮೃತಶಿಲೆ ಹಾಸಿದ್ದಾರೆ, ನಾಟಕಶಾಲೆ ಇದೆ, ನೋಡಲೇಬೇಕು ಎಂದು ಬೋಟಿನಲ್ಲಿ ಒಬ್ಬರು ಹೇಳಿದ್ದರು. ನೋಡೋಣ ಎಂದುಕೊಂಡೆ. ಬೋಟು ಕಟ್ಟೆ ಮುಟ್ಟಿತು, ನನಗೆ ನಮ್ಮ ಅದಿರು ಕಾಣಿಸಿತು, ಖುಷಿ ಅಲ್ಲಿಗೆ ಮುಗಿಯಿತು.

ಹಡಗು ದುರಸ್ತಿಯ ಡಾಕಿನ ಪಕ್ಕದ ಕಟ್ಟೆಯ ಮೇಲೆ ಅದನ್ನು ಕಸದಂತೆ ಸುರಿದಿದ್ದರು. ಒಂದು ಬದಿಗೆ ಕಲ್ಲಿದ್ದಲ ಪುಡಿ, ಇನ್ನೊಂದು ಬದಿಗೆ ಮೀನಿನ ಬುಟ್ಟಿಗಳು. ಗುಡ್ಡೆಯ ಮೇಲೆ ಬೆಕ್ಕುಗಳ ಸಭೆ ಸೇರಿತ್ತು. ಇದನ್ನು ಹೇಗೋ ಸಹಿಸಬಹುದಿತ್ತು. ನಾನು ನೋಡುತ್ತಿದ್ದಂತೆಯೇ ಒಬ್ಬ ಬೆಸ್ತ ಬಂದು, ಎರಡು ಒಳ್ಳೆಯ ಗಟ್ಟಿಗಳನ್ನು ಆರಿಸಿ ಕೈಯಲ್ಲಿ ತೂಗಿ ನೋಡಿ, ಬುಟ್ಟಿಗೆ ಹಾಕಿಕೊಂಡು ಹೊರಟ. ಮ್ಯಾಂಗನೀಸ್ ಅದಿರು ಬರಿಯ ಕಲ್ಲಿಗಿಂತ ಬಹಳ ಭಾರ. ಬಲೆ ಮುಳುಗಿಸಲು ಅದಕ್ಕಿಂತ ಒಳ್ಳೆಯ ಕಲ್ಲು ಆ ದ್ವೀಪದಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಕಟ್ಟೆಗೆ ಕಟ್ಟಿದ್ದ ದೋಣಿಗಳಿಗೆ ಇಣುಕಿದರೆ ಒಂದೊಂದರಲ್ಲೂ ನಮ್ಮ ಗಣಿಯ ಹೆಣ್ಣುಮಕ್ಕಳು ಸುತ್ತಿಗೆಯಿಂದ ಒಡೆದು ಆರಿಸಿದ ಕಪ್ಪು ಗಟ್ಟಿಗಳು.

ಹಡಗಿನ ಏಜೆಂಟ್ ನನಗೊಬ್ಬ ದುಭಾಷಿಯನ್ನು ಕೊಟ್ಟಿದ್ದ. ಹಿಂದೆ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತ ಕಲ್ಕತ್ತ, ಬೊಂಬಾಯಿ ನೋಡಿ ಬಂದವನು. ಬಂದರಿನ ಹಿಂದಿ, ಬಂದರಿನ ಇಂಗ್ಲಿಷ್ ಎರಡೂ ಬರುತ್ತಿದ್ದವು. ಅವನ ಮೂಲಕ ಹಮಾಲರ ಮುಖ್ಯಸ್ಥನನ್ನು ಒಪ್ಪಿಸಿ, ಬೆಕ್ಕುಗಳನ್ನು ಓಡಿಸಿ, ಅದಿರನ್ನು ಕಲ್ಲಿದ್ದಲ ಪುಡಿಯಿಂದ ದೂರ ಸರಿಸಿದೆ. ನಮ್ಮ ಪದ್ಧತಿಯಂತೆ ಚಟ್ಟಾ ಕಟ್ಟಿಸಿದೆ. ಚಟ್ಟಾ ಎಂದರೆ ಮೇಲೆ ಸಪಾಟಾದ, ನಾಲ್ಕು ಬದಿಗೂ ಒಂದೇ ಇಳಿಜಾರಿರುವ ಉದ್ದನೆಯ ಗುಡ್ಡೆ. ಹಾಗೆ ಕಟ್ಟಿದರೆ ಅಳೆಯಬಹುದು, ಅಳೆದರೆ ತೂಕ ಲೆಕ್ಕ ಹಾಕಬಹುದು. ನಮ್ಮ ಹಮಾಲರಾಗಿದ್ದರೆ ಒಂದು ದಿನದ ಕೆಲಸ. ಇಲ್ಲಿ ಬೆಳಿಗ್ಗೆ ಕಾಫಿ, ಮಧ್ಯಾಹ್ನ ನಿದ್ದೆ, ನಡುವೆ ಯಾವುದೋ ಸಂತನ ಹಬ್ಬ. ಸಲಿಕೆ ಹಿಡಿದವರು ಮಾತಿಗೊಮ್ಮೆ ನಿಂತು ಹೊಗೆಬತ್ತಿ ಸುತ್ತಿಕೊಳ್ಳುತ್ತಿದ್ದರು. ನಾನು ಸುತ್ತಲೂ ಓಡಾಡಿ ಗಂಟಲು ಹರಿದುಕೊಂಡೆ. ಅವರು ನಗುತ್ತ ನನ್ನ ಭುಜ ತಟ್ಟುತ್ತಿದ್ದರು.

ಚಟ್ಟಾ ಮುಗಿಯಿತು, ಅಳತೆ ಆಯಿತು. ಕಾರ್ಖಾನೆಯ ಸರ್ವೇಯರ್ ಮಾತ್ರ ಬಂದಿರಲಿಲ್ಲ. ಆತ ಪಿರೇಯಸ್‌ನಲ್ಲಿ ಅದೇ ಗಾಳಿಗೆ ಸಿಕ್ಕಿಕೊಂಡಿದ್ದ. ಆತ ಬರುವವರೆಗೆ ಬೆಸ್ತರಿಂದ ಇದನ್ನು ಹೇಗೆ ಕಾಯುವುದು? ಆತ ಬಂದ ಮೇಲೆ, ಇದರಿಂದ ಏನೂ ತೆಗೆದಿಲ್ಲ, ಇದಕ್ಕೆ ಏನೂ ಸೇರಿಸಿಲ್ಲ ಎಂದು ಹೇಗೆ ತೋರಿಸುವುದು? ಗಣಿಯಲ್ಲಿ ಇದಕ್ಕೆ ಉತ್ತರ ಮಕ್ಕಳಿಗೂ ಗೊತ್ತು. ಅಳತೆಯಾದ ಚಟ್ಟಾದ ಮೇಲೆ ತೆಳು ಸುಣ್ಣದ ನೀರನ್ನು ಅಡ್ಡಡ್ಡ ಉದ್ದುದ್ದ ಗೆರೆಯಾಗಿ ಎರಚುತ್ತೇವೆ. ಒಂದು ಕಲ್ಲು ಎತ್ತಿದರೂ ಬಿಳಿಯ ನಡುವೆ ಕಪ್ಪು ಮಚ್ಚೆ ಎದ್ದು ಕಾಣುತ್ತದೆ. ಬೀಗ ಬೇಡ, ಕಾವಲು ಬೇಡ. ರೈಲು ವ್ಯಾಗನ್ನಿಗೆ ತುಂಬಿದ ಮೇಲೂ ಇದೇ ಕ್ರಮ.

ಆ ಊರಿನಲ್ಲಿ ಸುಣ್ಣಕ್ಕೇನು ಕೊರತೆ? ಮನೆ, ಮೆಟ್ಟಿಲು, ಗಿಡದ ಬುಡ ಎಲ್ಲಕ್ಕೂ ಸುಣ್ಣ. ಒಂದು ಡಬ್ಬ ಕಲಸಿದ ಸುಣ್ಣ, ಒಂದು ಕುಂಚ ಕೊಂಡುಕೊಂಡೆ. ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿತ್ತು, ದುಭಾಷಿಯೂ ಮನೆಗೆ ಹೋಗಿದ್ದ. ಒಬ್ಬನೇ ಗುಡ್ಡೆ ಹತ್ತಿ, ಇಳಿದು, ಕೈ ಸೋಲುವವರೆಗೆ ಎರಚಿದೆ. ಮುಗಿದ ಮೇಲೆ ದೂರ ನಿಂತು ನೋಡಿದೆ. ಬರೋಬ್ಬರಿ ನಮ್ಮ ಗಣಿಯ ಅಂಗಳದಂತೆ ಕಂಡಿತು. ಆ ಊರಿಗೆ ಬಂದ ಮೇಲೆ ನೆಟ್ಟಗೆ ಆದ ಮೊದಲ ಕೆಲಸ ಇದು ಎಂದು ಹೆಮ್ಮೆಪಟ್ಟೆ.

ನಿದ್ದೆ ಮುಗಿಸಿ ಬಂದ ಹಮಾಲರು ಕಟ್ಟೆಯ ಮೂಲೆಯಲ್ಲೇ ನಿಂತುಬಿಟ್ಟರು. ಒಬ್ಬ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ದುಭಾಷಿ ಓಡಿಬಂದವನು ನನಗೂ ಗುಡ್ಡೆಗೂ ಸಮಾನ ದೂರದಲ್ಲಿ ನಿಂತು, ಬಾಬು, ಇದರಲ್ಲಿ ಯಾವ ರೋಗ ಇದೆ ಎಂದು ಕೇಳಿದ.

ನನಗೆ ಅರ್ಥವೇ ಆಗಲಿಲ್ಲ. ಅವನು ಕೊಲ್ಲಿಯ ಆಚೆ ದಂಡೆಯಲ್ಲಿದ್ದ ಒಂದು ಪಾಳು ಕಟ್ಟಡವನ್ನು ತೋರಿಸಿದ. ಹಿಂದೆ ಪೂರ್ವದ ಕಡೆಯಿಂದ ಬಂದ ಹಡಗುಗಳ ಜನರನ್ನು, ಸರಕನ್ನು ಅಲ್ಲಿ ಕೂಡಿಹಾಕುತ್ತಿದ್ದರಂತೆ. ಪ್ಲೇಗೋ ಕಾಲರಾವೋ ಇದೆಯೆಂದರೆ ಆ ಸರಕಿನ ಮೇಲೆ, ಸತ್ತವರ ಮೇಲೆ ಸುಣ್ಣ ಸುರಿಯುತ್ತಿದ್ದರಂತೆ. ಇಲ್ಲಿನ ಮುದುಕಿಯರು ಇಂದಿಗೂ ಅದನ್ನು ಹೇಳುತ್ತಾರೆ ಎಂದ. ಮನೆಗೆ ಬಳಿದ ಸುಣ್ಣ ಬೇರೆ, ಸರಕಿಗೆ ಸುರಿದ ಸುಣ್ಣ ಬೇರೆ. ಅದೂ ಹಿಂದೂಸ್ತಾನದಿಂದ ಬಂದ ಸರಕು, ಹಿಂದೂಸ್ತಾನದವನೇ ಸುರಿದದ್ದು, ಯಾರೂ ಇಲ್ಲದ ಹೊತ್ತು ನೋಡಿ ಸುರಿದದ್ದು.

ಗುರುತಿಗಾಗಿ ಹಾಕಿದ್ದೇನೆ, ಕಳ್ಳತನ ತಡೆಯಲು ಹಾಕಿದ್ದೇನೆ ಎಂದು ಕೈ ಬಾಯಿ ತಿರುಗಿಸಿ ವಿವರಿಸಿದೆ. ಇವನು ನಮ್ಮನ್ನು ಕಳ್ಳರೆನ್ನುತ್ತಿದ್ದಾನೆ ಎಂದು ಹಮಾಲರ ಮುಖ್ಯಸ್ಥ ಸಿಟ್ಟಾದ. ರೋಗದ ಜೊತೆಗೆ ಈಗ ಅವಮಾನವೂ ಸೇರಿತು. ಅವರು ಸಲಿಕೆಗಳನ್ನು ಹೆಗಲಿಗೇರಿಸಿ ಹೊರಟುಹೋದರು.

ಮರುದಿನ ಬಂದರಿನ ವೈದ್ಯರು ಬಂದರು. ನೆರೆತ ಗಡ್ಡದ, ಅತಿ ಸಭ್ಯ ಮನುಷ್ಯ. ತಮ್ಮ ಕೋಣೆಗೆ ಕರೆದು ಕಾಫಿ ಕೊಟ್ಟರು, ಪನ್ನೀರಿನ ವಾಸನೆಯ ಮೆತ್ತನೆಯ ಮಿಠಾಯಿ ಕೊಟ್ಟರು. ಅದಿರಿಗೆ ರೋಗ ಬರುವುದಿಲ್ಲ ಎಂದು ತಮಗೆ ಗೊತ್ತು ಎಂದರು. ಆದರೆ ಊರು ಗಾಬರಿಯಾಗಿದೆ, ದೂರು ಬಂದಿದೆ, ಅಥೆನ್ಸ್‌ನಿಂದ ಅಪ್ಪಣೆ ಬರುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅಪ್ಪಣೆ ಯಾವಾಗ ಬರುತ್ತದೆ ಎಂದೆ. ಅವರು ಎರಡೂ ಕೈ ಮೇಲೆತ್ತಿ, ಇನ್ನೊಂದು ಮಿಠಾಯಿ ಮುಂದಿಟ್ಟರು.

ದಿನಾ ಹೋದೆ, ದಿನಾ ಮಿಠಾಯಿ ತಿಂದೆ. ಅತ್ತ ಡಾಕಿನಲ್ಲಿ ಹಡಗಿನ ತಳಕ್ಕೆ ಹೊಸ ತಗಡು ಬಡಿದು ಮುಗಿಯುತ್ತ ಬಂದಿತ್ತು. ಹೊರಡಬೇಕಾದ ಹಡಗು ಅಲ್ಲಿ, ತುಂಬಬೇಕಾದ ಅದಿರು ಇಲ್ಲಿ, ನಡುವೆ ನನ್ನ ಕೈಯಾರೆ ಎರಚಿದ ಸುಣ್ಣ. ರಾತ್ರಿ ಲಾಡ್ಜಿನಲ್ಲಿ ಮಲಗಿದರೆ ಗಣಿಯ ಅಂಗಳದ ಸುತ್ತಿಗೆ ಸದ್ದು ಕಿವಿಯಲ್ಲಿ ಕೇಳಿ, ಎದ್ದು ಕೂರುತ್ತಿದ್ದೆ. ಊರ ಮೇಲೆ, ಗಾಳಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ ಸಿಟ್ಟು ಬರುತ್ತಿತ್ತು. ಕಣ್ಣೆದುರಿಗೇ ಇದ್ದ ಅಮೃತಶಿಲೆಯ ಚೌಕವನ್ನು ನೋಡಲು ಕಾಲು ಏಳಲಿಲ್ಲ.

ಹಾಗಿರುವಾಗ ಸರ್ವೇಯರ್ ಬಂದಿಳಿದ. ಇಂಗ್ಲೆಂಡಿನವ, ಒಣಕಲು ಮನುಷ್ಯ. ಹೊಟ್ಟೆನೋವಿನವರ ಮುಖ. ಚಟ್ಟಾದ ಸುತ್ತ ಒಂದು ಸುತ್ತು ಬಂದು, ನನ್ನ ಟೇಪನ್ನು ತನ್ನ ಟೇಪಿಗೆ ಹಿಡಿದು ನೋಡಿ, ನಿಮ್ಮದು ಜಗ್ಗಿ ಉದ್ದವಾಗಿದೆ ಎಂದ. ಸುಣ್ಣದ ಗೆರೆಗಳನ್ನು ಮಾತ್ರ ಬಹಳ ಹೊತ್ತು ನೋಡಿದ. ಒಳ್ಳೆಯ ಪದ್ಧತಿ ಎಂದ. ಇದನ್ನು ಆತನ ಬಾಯಿಂದ ಕೇಳಿ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಇಬ್ಬರೂ ವೈದ್ಯರ ಬಳಿ ಹೋದೆವು. ನಮ್ಮ ಒತ್ತಾಯಕ್ಕೆ ಅವರು ಒಂದು ದಾರಿ ಹೇಳಿದರು. ಸುಣ್ಣ ಹತ್ತಿದ ಕಲ್ಲುಗಳನ್ನೆಲ್ಲ ಹಾಕಿದವನೇ ತೆಗೆದು, ತೊಳೆದು, ಊರವರ ಕಣ್ಣೆದುರಿಗೆ ಇಟ್ಟರೆ ತಾವು ಅಥೆನ್ಸ್ ಅಪ್ಪಣೆಗೆ ಕಾಯದೆ ಗುಡ್ಡೆಯನ್ನು ಬಿಟ್ಟುಕೊಡುತ್ತೇವೆ ಎಂದರು. ಹಮಾಲರು ಆಮೇಲೆ ಬರುತ್ತಾರೆ, ಈಗ ಬರುವುದಿಲ್ಲ.

ಹೊರಗೆ ಬಂದ ಮೇಲೆ ಸರ್ವೇಯರ್ ನಿಂತು ಮಾತಾಡಿದ. "ಸ್ಯಾಂಪಲ್ ತೆಗೆಯುವ ಮೊದಲು ಆ ಗೆರೆಗಳನ್ನು ನೀವು ಅಳಿಸಿದರೆ, ಗುಡ್ಡೆ ಮೊದಲಿನಂತೆ ಉಳಿಯಲಿಲ್ಲ ಎಂದು ನಾನು ಬರೆಯಬೇಕಾಗುತ್ತದೆ. ಅಷ್ಟು ಬರೆದರೆ ಕಾರ್ಖಾನೆಯವರಿಗೆ ಸಾಕು."

ನೀವು ನಿಂತು ನೋಡಿ ಎಂದೆ. ಕಾವಲು ಕಾಯುವುದು ತನ್ನ ಕೆಲಸವಲ್ಲ, ತನ್ನನ್ನು ಕಳಿಸಿದ್ದು ಸ್ಯಾಂಪಲ್ಲಿಗೆ ಎಂದ. ತನ್ನ ಮಟ್ಟಿಗೆ ಆತ ಹೇಳಿದ್ದು ಸರಿಯೇ. ಅದಕ್ಕೇ ನನಗೆ ಇನ್ನಷ್ಟು ರೇಗಿತು.

ಲಾಡ್ಜಿನಲ್ಲಿ ಕೂತು ಯೋಚಿಸಿದೆ. ಸುಣ್ಣ ಹಾಗೇ ಇದ್ದರೆ ನನ್ನ ಮೈಗೆ ಏನೂ ಅಂಟುವುದಿಲ್ಲ. ಒಂದು ಕಲ್ಲೂ ಆಚೀಚೆ ಆಗಿಲ್ಲ, ತಡವಾದದ್ದು ಅಥೆನ್ಸ್‌ನಿಂದ ಎಂದು ನಾಗಪುರದಲ್ಲಿ ತಲೆಯೆತ್ತಿ ಹೇಳಬಹುದು. ಆದರೆ ತಿಂಗಳು ಮುಗಿಯುತ್ತದೆ, ಸರಕು ಹೋಗುತ್ತದೆ, ಗಣಿ ಹೋಗುತ್ತದೆ. ಸುಣ್ಣ ಅಳಿಸಿದರೆ ಹಡಗು ಹೊರಡಬಹುದು. ಹೊರಟ ಮೇಲೆ ಕಾರ್ಖಾನೆಯವರು ಇದು ಕೈಯಾಡಿಸಿದ ಅದಿರು ಎಂದರೆ ತಪ್ಪು ಪೂರ್ತಿ ನನ್ನದು. ನನ್ನನ್ನು ಉಳಿಸುವ ದಾರಿ ಒಂದು, ಗಣಿಯನ್ನು ಉಳಿಸಬಹುದಾದ ದಾರಿ ಇನ್ನೊಂದು. ಬೆಳಗಾಗುವಾಗ ಅಂಗಿ ಕಳಚಿ ಬನಿಯನ್ನಿನಲ್ಲಿ ಕಟ್ಟೆಗೆ ಹೋದೆ. ಸುಣ್ಣ ತೆಗೆಯುತ್ತಿದ್ದೇನೆ, ಬರುವುದಾದರೆ ಬನ್ನಿ ಎಂದು ದುಭಾಷಿಯ ಮೂಲಕ ಸರ್ವೇಯರನಿಗೆ ಹೇಳಿಕಳಿಸಿದೆ.

ತೆಗೆಯುವುದೂ ಸುಲಭವಿರಲಿಲ್ಲ. ತೊಳೆಯಲು ಕೈಗೆ ಸಿಗುವುದು ಸಮುದ್ರದ ನೀರು. ಅದರಲ್ಲಿ ತೊಳೆದರೆ ಅದಿರಿಗೆ ಉಪ್ಪು ಹತ್ತುತ್ತದೆ, ಇನ್ನೊಂದು ತಗಾದೆ ಹುಟ್ಟುತ್ತದೆ. ಸಿಹಿನೀರು ಆ ದ್ವೀಪದಲ್ಲಿ ತುಪ್ಪದಷ್ಟು ತುಟ್ಟಿ. ನೀರು ಮಾರುವವನ ಗಾಡಿಯನ್ನು ನಿಲ್ಲಿಸಿ, ಪೀಪಾಯಿಗಳನ್ನು ಇಳಿಸಿಕೊಂಡೆ. ಬಿಳಿ ಹತ್ತಿದ ಕಲ್ಲುಗಳನ್ನು ಬುಟ್ಟಿಗೆ ಆರಿಸಿ, ಕೆಳಗಿಳಿಸಿ, ಚಿಕ್ಕ ತೊಟ್ಟಿಯಲ್ಲಿ ಉಜ್ಜಿ, ಪಕ್ಕದಲ್ಲಿ ಹಾಸಿದ ತಾಡಪಾಲಿನ ಮೇಲೆ ಹರಡಬೇಕು. ಮತ್ತೆ ಹತ್ತಬೇಕು. ದುಭಾಷಿ ದೂರವೇ ನಿಂತಿದ್ದ. ನಾನು ಈ ಊರಿನಲ್ಲೇ ಬದುಕಬೇಕಲ್ಲ ಬಾಬು ಎಂದ. ಅವನಿಗೂ ಏನೆನ್ನುವುದು?

ಬಿಸಿಲು ಏರಿತು. ಹಮಾಲರು, ಬೆಸ್ತರು, ಬುಟ್ಟಿ ಹಿಡಿದ ಹೆಂಗಸರು ದೂರದಲ್ಲಿ ಸಾಲಾಗಿ ನಿಂತು ನೋಡತೊಡಗಿದರು. ಕಪ್ಪು ಧೂಳು, ಬಿಳಿ ಸುಣ್ಣ, ಬೆವರು ಸೇರಿ ನನ್ನ ಕೈಯ ಚರ್ಮ ಸುಲಿಯುತ್ತ ಬಂತು. ಬೆರಳ ಸಂದಿಯಲ್ಲೆಲ್ಲ ಉರಿ. ನಾಚಿಕೆಯೂ ಆಗುತ್ತಿತ್ತು. ಊರ ಜನರೆದುರು ಬನಿಯನ್ನಿನಲ್ಲಿ ಕಲ್ಲು ತೊಳೆಯುತ್ತ ಕೂತವನನ್ನು ಕಂಪನಿಯ ಪ್ರತಿನಿಧಿ ಎಂದು ಯಾರು ನಂಬಿಯಾರು?

ಆಗ ಸರ್ವೇಯರ್ ಬಂದ. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ಲಾಡ್ಜಿನ ಊಟದ ಮನೆಯ ಒಂದು ಕುರ್ಚಿ. ಗುಡ್ಡೆಯ ನಾಲ್ಕೂ ಬದಿ ಕಾಣುವ ಕಡೆ ಕುರ್ಚಿ ಹಾಕಿಕೊಂಡು ಕೂತ. ಮಧ್ಯಾಹ್ನ ಊರೆಲ್ಲ ಮಲಗಲು ಹೋಯಿತು. ಆತ ಏಳಲಿಲ್ಲ. ಕೋಟಿನ ಜೇಬಿನಿಂದ ಬ್ರೆಡ್ಡಿನ ತುಂಡು ತೆಗೆದು ಒಣಒಣದೇ ಅಗಿದ. ನೆರಳು ಸರಿದಂತೆ ಕುರ್ಚಿ ಸರಿಸಲೂ ಇಲ್ಲ, ಸರಿಸಿದರೆ ಗುಡ್ಡೆಯ ಒಂದು ಬದಿ ಮರೆಯಾಗುತ್ತಿತ್ತು. ಆತನ ಕುತ್ತಿಗೆ ಕೆಂಪಗೆ ಬೆಂದುಹೋಗಿತ್ತು. ಸಂಜೆ ಕೆಲಸ ನಿಲ್ಲಿಸಿದಾಗ ತಾನೇ ಒಂದು ಹಗ್ಗ ಕಟ್ಟಿಸಿ, ಬಂದರಿನ ಕಾವಲಿನವನನ್ನು ನಿಲ್ಲಿಸಿ, ಬೆಳಗಿನಲ್ಲಿ ನನಗಿಂತ ಮೊದಲೇ ಬಂದು ಕೂತಿದ್ದ.

ಎರಡನೆಯ ದಿನ ಸಂಜೆಯ ಹೊತ್ತಿಗೆ ಗುಡ್ಡೆ ಕಪ್ಪಾಯಿತು. ತೊಳೆದ ಕಲ್ಲುಗಳು ತಾಡಪಾಲಿನ ಮೇಲೆ ಒಣಗಿ ಬಿದ್ದಿದ್ದವು. ಅವುಗಳನ್ನು ತೂಗಿ, ಅದೇ ಗುಡ್ಡೆಗೆ ಹಾಕಿದೆವು. ವೈದ್ಯರು ಬಂದು ಒಂದು ಗಟ್ಟಿಯನ್ನು ಬರಿಗೈಯಲ್ಲಿ ಎತ್ತಿ, ತಿರುಗಿಸಿ, ಹಮಾಲರ ಮುಖ್ಯಸ್ಥನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡ. ಅಷ್ಟಕ್ಕೇ ಊರಿನ ಕಾಲರಾ ಬಿಟ್ಟುಹೋಯಿತು.

ಆಮೇಲಿನ ಕೆಲಸ ನನಗೆ ಗೊತ್ತಿದ್ದ ಕೆಲಸ. ಚಟ್ಟಾಕ್ಕೆ ಅಡ್ಡಲಾಗಿ, ತಳ ಮುಟ್ಟುವವರೆಗೆ ಕಂದಕ ತೋಡಿಸಿದೆವು. ತೋಡಿದ್ದರಲ್ಲಿ ಇಂತಿಷ್ಟು ಸಲಿಕೆಗೆ ಒಂದು ಸಲಿಕೆಯಂತೆ ಬದಿಗಿಟ್ಟು, ಅದನ್ನು ಕುಟ್ಟಿ, ಶಂಕುವಿನಾಕಾರದ ರಾಶಿ ಮಾಡಿ, ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿದೆವು. ಎದುರುಬದುರಿನ ಎರಡು ಪಾಲು ಎಸೆದು, ಉಳಿದೆರಡನ್ನು ಮತ್ತೆ ಕುಟ್ಟಿದೆವು. ಹೀಗೆ ಮಾಡುತ್ತ ಮಾಡುತ್ತ ಇಡೀ ಗುಡ್ಡೆ ಕೆಲವು ತಗಡಿನ ಡಬ್ಬಿಗಳಿಗೆ ಇಳಿಯಿತು. ಅರಗು ಕಾಯಿಸಿ ಇಬ್ಬರೂ ಮುದ್ರೆ ಒತ್ತಿದೆವು. ಪಾಲು ಮಾಡುವಾಗ ಆತನ ಕೈ ನನ್ನ ಕೈಗಿಂತ ನಿಧಾನ, ಆದರೆ ಒಂದು ಚಿಟಿಕೆಯೂ ಆಚೆ ಚೆಲ್ಲುತ್ತಿರಲಿಲ್ಲ.

ಹಡಗಿಗೆ ಕೊನೆಯ ತೊಟ್ಟಿ ಅದಿರು ಇಳಿಯುತ್ತಿದ್ದಾಗ ಆತ ನನ್ನ ಪಕ್ಕ ಬಂದು ನಿಂತ. ಗುಡ್ಡೆಯ ಗೆರೆ ಅಳಿಸಿದ್ದನ್ನು ಬರೆದಿದ್ದೇನೆ ಎಂದ.

"ಅಳಿಸಿದ್ದು ನನ್ನ ಕಣ್ಣೆದುರು, ಏನೂ ಸೇರಲಿಲ್ಲ, ಏನೂ ಹೋಗಲಿಲ್ಲ ಎಂದೂ ಬರೆದಿದ್ದೇನೆ. ನನ್ನನ್ನು ಕಳಿಸಿದವರಿಗೆ ಇದು ಹಿಡಿಸುವುದಿಲ್ಲ. ಇನ್ನು ಮುಂದೆ ನನ್ನನ್ನು ಕಳಿಸುತ್ತಾರೆಂದೂ ತೋರುವುದಿಲ್ಲ," ಎಂದ.

ಹಾಗಾದರೆ ಏಕೆ ಕೂತಿರಿ ಎಂದು ಕೇಳಿದೆ. ನೀವು ಶುರು ಮಾಡಿಬಿಟ್ಟಿರಿ, ಯಾರಾದರೂ ನೋಡಬೇಕಿತ್ತು ಎಂದ. ಕೈಕುಲುಕಲು ಹೋದೆ. ನನ್ನ ಅಂಗೈ ನೋಡಿ ಬೇಡವೆಂದು ತಲೆಯಾಡಿಸಿ, ಟೋಪಿ ಎತ್ತಿ ಹೊರಟ. ಹಡಗು ತಿಂಗಳು ಮುಗಿಯುವ ಮುಂಚೆಯೇ ಕೊಲ್ಲಿ ದಾಟಿತು.

ನಾಗಪುರಕ್ಕೆ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ವಾರಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಕಡೆಗೆ ಸರಕು ಒಪ್ಪಿಕೊಂಡಿದ್ದೇವೆ ಎಂದು ಕಾರ್ಖಾನೆಯಿಂದ ತಂತಿ ಬಂತು. ಸೇಠಜಿ ಆಫೀಸಿಗೆಲ್ಲ ಪೇಢೆ ಹಂಚಿಸಿದರು. ಗಣಿಗೆ ಬೀಗ ಬೀಳಲಿಲ್ಲ. ನನಗೆ ನಿಜವಾಗಿ ಸಂತೋಷವಾಯಿತು, ಅದನ್ನು ಮುಚ್ಚಿಡಲಾರೆ. ಆ ಸಂತೋಷ ಮ್ಯಾನೇಜರ್ ಕರೆಯುವವರೆಗೆ ಇತ್ತು.

ಅವರು ಬಾಗಿಲು ಮುಚ್ಚಿ, ಈ ಸಲ ಕುರ್ಚಿ ತೋರಿಸಿದರು.

"ತಮ್ಮಾ, ನನಗಷ್ಟ ಹೇಳು. ಆ ಗೋರಾ ಸಾಹೇಬಗ ಏನ ಕೊಟ್ಟಿ?"

"ಏನೂ ಕೊಟ್ಟಿಲ್ರಿ."

"ಹಂಗಾರ ಅಂವ ತನ್ನ ಮಾಲೀಕನ ವಿರುದ್ಧ ಯಾಕ ಬರದಾನು?"

ಕುರ್ಚಿಯ ಕತೆ ಹೇಳಿದೆ. ಬಿಸಿಲು, ಬ್ರೆಡ್ಡಿನ ತುಂಡು, ಬೆಂದ ಕುತ್ತಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆದೂಗುತ್ತ ಕೇಳಿದರು. ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, "ಶಾಣ್ಯಾ ಅದಿ. ನನ್ನ ಮುಂದೂ ಬಾಯಿ ಬಿಡಲಿಲ್ಲ ನೋಡು. ಇಂಥವ್ರ ಬೇಕು," ಎಂದರು. ಅವರು ನನ್ನನ್ನು ಮನಸಾರೆ ಹೊಗಳುತ್ತಿದ್ದರು. ನಾನು ವಿವರಿಸಿದಷ್ಟೂ ಅವರ ಮೆಚ್ಚುಗೆ ಏರುತ್ತಿತ್ತು. ಮೈ ಪರಚಿಕೊಳ್ಳುವಂತಾಯಿತು.

ಸುದ್ದಿ ಸದರ್‌ನ ಅದಿರಿನ ಆಫೀಸುಗಳನ್ನೆಲ್ಲ ಸುತ್ತಿತು. ದೀಪಾವಳಿಯ ಹೊತ್ತಿಗೆ ಇನ್ನೊಂದು ಗಣಿಯ ಏಜೆಂಟ್ ಕಿತ್ತಳೆಹಣ್ಣಿನ ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದ. ಅವರ ಸರಕೂ ಅದೇ ಕಾರ್ಖಾನೆಗೆ ಹೋಗುವುದಿತ್ತು. ಆ ಇಂಗ್ಲಿಷ್ ಸರ್ವೇಯರನ ವಿಳಾಸ ಕೊಡಿ ಎಂದ. ಆತ ಅಂಥವನಲ್ಲ, ನಾನು ಏನೂ ಕೊಟ್ಟಿಲ್ಲ ಎಂದೆ. ಏಜೆಂಟ್ ನಕ್ಕು, ಬೇಡ, ವಿಳಾಸ ನಾವೇ ಹುಡುಕಿಕೊಳ್ಳುತ್ತೇವೆ, ಎಷ್ಟರಿಂದ ಮಾತು ಶುರು ಮಾಡಬೇಕು ಅದನ್ನಾದರೂ ಹೇಳಿ ಎಂದ.

ಬುಟ್ಟಿಯ ಸಮೇತ ಅವನನ್ನು ಹೊರಗೆ ಹಾಕಿ ಕದ ಮುಚ್ಚಿದೆ. ಒಳಗಿನಿಂದ ಹೆಂಡತಿ, ಯಾರ್ರೀ ಅದು, ಯಾಕ ಅಷ್ಟ ಸಿಟ್ಟು ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ. ಅವಳೂ ಮ್ಯಾನೇಜರರ 'ಯಾಕ ಬರದಾನು' ಎಂಬ ಪ್ರಶ್ನೆಯನ್ನೇ ಕೇಳಿದರೆ ಎಂದು ಹೆದರಿಕೆಯಾಗಿ ಸುಮ್ಮನಾದೆ. ಎರಡು ದಿನ ಬಿಸಿಲಿನಲ್ಲಿ ಕೂತು ಆತ ನನಗೆ ಸಾಕ್ಷಿಯಾಗಿದ್ದ. ಆತನಿಗೆ ನಾನು ಸಾಕ್ಷಿ ಹೇಳುತ್ತೇನೆಂದರೆ ನಾಗಪುರದಲ್ಲಿ ನಂಬುವವರು ಒಬ್ಬರೂ ಇರಲಿಲ್ಲ.